ವಾರ್ಡಿನಲ್ಲೇ ಹತ್ತುವ ನಂಜು: ಕಲ್ಚರ್ ರಿಪೋರ್ಟಿನ ‘ಆರ್’ ಸಾಲು ಹೇಳುವುದೇನು?

ಕಳೆದ ವರ್ಷ ನನ್ನ ಸೋದರತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ವಯಸ್ಸು ಎಪ್ಪತ್ತೊಂದು. ಆಪರೇಷನ್ ಚೆನ್ನಾಗಿಯೇ ಆಯಿತು. ಮೂರನೇ ದಿನ ವಾಕರ್ ಹಿಡಿದು ನಾಲ್ಕು ಹೆಜ್ಜೆಯನ್ನೂ ಹಾಕಿದರು. ಎಂಟನೇ ದಿನ ರಾತ್ರಿ ಗಡಗಡ ನಡುಗಿಸುವ ಚಳಿಜ್ವರ ಬಂತು. ಮೂತ್ರದ ಸ್ಯಾಂಪಲ್ ಕಲ್ಚರಿಗೆ, ಅಂದರೆ ಅದರಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ ಹೋಯಿತು. ಅದಾದ ಮೂರನೇ ದಿನ ಕೈಗೆ ಬಂದ ರಿಪೋರ್ಟಿನಲ್ಲಿ ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ ಎಂಬ ಬ್ಯಾಕ್ಟೀರಿಯಾದ ಹೆಸರಿತ್ತು. ಅದರ ಕೆಳಗೆ ಹದಿನಾರು ಔಷಧಗಳ ಪಟ್ಟಿ, ಒಂದೊಂದರ ಎದುರೂ ಒಂದೊಂದು ಅಕ್ಷರ. ಹದಿಮೂರು ಕಡೆ ‘ಆರ್’, ಅಂದರೆ ಈ ಔಷಧ ನಾಟುವುದಿಲ್ಲ. ಎರಡು ಕಡೆ ‘ಐ’, ನಾಟಿದರೂ ನಾಟೀತು. ಅಮಿಕಾಸಿನ್ ಎದುರು ಮಾತ್ರ ಒಂದೇ ಒಂದು ‘ಎಸ್’, ಅಂದರೆ ನಾಟುತ್ತದೆ.

ಆ ಹಾಳೆ ಹಿಡಿದುಕೊಂಡು ಲ್ಯಾಬಿಗೆ ಹೋದೆ. ಅಲ್ಲಿನ ಡಾಕ್ಟರು ಪುರಸೊತ್ತು ಮಾಡಿಕೊಂಡು ತಟ್ಟೆಯನ್ನೇ ತಂದು ತೋರಿಸಿದರು. ಅಂಗೈಯಗಲದ ಮುಚ್ಚಳದ ತಟ್ಟೆ, ಒಳಗೆ ಹೆಪ್ಪುಗಟ್ಟಿದ ಗಂಜಿಯ ಬಣ್ಣದ ಅಗಾರ್. ರೋಗಿಯಿಂದ ಬಂದ ಬ್ಯಾಕ್ಟೀರಿಯಾವನ್ನು ಅದರ ಮೇಲೆ ಸವರಿ, ಬೇರೆ ಬೇರೆ ಆ್ಯಂಟಿಬಯಾಟಿಕ್ ಹೀರಿಸಿದ ಪುಟ್ಟ ಬಿಳಿ ಬಿಲ್ಲೆಗಳನ್ನಿಟ್ಟು, 35 ಡಿಗ್ರಿ ಶಾಖದಲ್ಲಿ ರಾತ್ರಿಯಿಡೀ ಬಿಡುತ್ತಾರೆ. ಔಷಧ ನಾಟುವುದಿದ್ದರೆ ಬೆಳಗಾಗುವಷ್ಟರಲ್ಲಿ, ಚಂದ್ರ ಗುಡಿ ಕಟ್ಟಿದ ಹಾಗೆ, ಬಿಲ್ಲೆಯ ಸುತ್ತ ಏನೂ ಬೆಳೆಯದ ತಿಳಿ ವರ್ತುಲ ಮೂಡಿರುತ್ತದೆ. ಅದರ ಅಗಲವನ್ನು ಮಿಲಿಮೀಟರಿನಲ್ಲಿ ಅಳೆದು ‘ಎಸ್’ ಅಥವಾ ‘ಆರ್’ ಎಂದು ಬರೆಯುತ್ತಾರೆ. ಅತ್ತೆಯ ತಟ್ಟೆಯಲ್ಲಿ ಎರಡು ಮೂರು ಬಿಲ್ಲೆ ಬಿಟ್ಟು ಉಳಿದವುಗಳ ಸುತ್ತ ಅಂಥ ಜಾಗವೇ ಇರಲಿಲ್ಲ. ಲೋಳೆಸರ ಬಳಿದಂತೆ ಬ್ಯಾಕ್ಟೀರಿಯಾ ಬಿಲ್ಲೆಗಳ ಅಂಚಿನವರೆಗೂ ಒತ್ತಾಗಿ ಬೆಳೆದು ನಿಂತಿತ್ತು.

“ಇದು ನಿಮ್ಮ ಅತ್ತೆಯವರು ಮನೆಯಿಂದ ತಂದದ್ದಲ್ಲ ಮೇಡಂ, ಇಲ್ಲೇ ಹತ್ತಿದ್ದು” ಎಂದರು ಅವರು. ಆ ಪ್ರಾಮಾಣಿಕ ಮಾತಿಗೆ ನಾನು ಇಂದಿಗೂ ಋಣಿ. ಈ ಲೇಖನ ಹುಟ್ಟಿದ್ದೂ ಅದರಿಂದಲೇ.

ಆ್ಯಂಟಿಬಯಾಟಿಕ್ ಪ್ರತಿರೋಧದ, ಅಂದರೆ ಬ್ಯಾಕ್ಟೀರಿಯಾ ಔಷಧಕ್ಕೆ ಬಗ್ಗದಿರುವುದರ ಮಾತು ಬಂದಾಗಲೆಲ್ಲ ನಮ್ಮ ಕಿವಿಗೆ ಬೀಳುವ ಬುದ್ಧಿವಾದ ಬಹುಮಟ್ಟಿಗೆ ಒಂದೇ. ಜನ ಚೀಟಿ ಇಲ್ಲದೆ ಮೆಡಿಕಲ್ ಶಾಪಿನಲ್ಲಿ ಮಾತ್ರೆ ಕೊಳ್ಳುತ್ತಾರೆ, ನೆಗಡಿಗೂ ಅಜಿತ್ರೊಮೈಸಿನ್ ನುಂಗುತ್ತಾರೆ, ಜ್ವರ ಬಿಟ್ಟ ಕೂಡಲೇ ಕೋರ್ಸನ್ನು ಅರ್ಧಕ್ಕೆ ಕೈಬಿಡುತ್ತಾರೆ. ಇದರಲ್ಲಿ ಸತ್ಯವಿದೆ, ಅಲ್ಲಗಳೆಯುವುದಿಲ್ಲ. ಆದರೆ ಐಸಿಯುಗಳಲ್ಲಿ ಜೀವ ತೆಗೆಯುತ್ತಿರುವ ಬ್ಯಾಕ್ಟೀರಿಯಾದ ಕಥೆ ಇದಲ್ಲ. ಅಲ್ಲಿ ಬೇರೆಲ್ಲ ಸೋತಾಗ ಬಳಸುವ ಮೆರೊಪೆನೆಮ್ ಮಾತ್ರೆಯಾಗಿ ಸಿಗುವ ಔಷಧವಲ್ಲ. ನರಕ್ಕೆ ಕೊಡುವ ಇಂಜೆಕ್ಷನ್. ಅದನ್ನು ಯಾರೂ ಮನೆಯಲ್ಲಿ ಕೂತು ಅರ್ಧಕ್ಕೆ ಬಿಡುವುದಿಲ್ಲ. ಅದು ಖರ್ಚಾಗುವುದು ಆಸ್ಪತ್ರೆಯಲ್ಲಿ, ಅದನ್ನು ಮಣಿಸುವ ಬ್ಯಾಕ್ಟೀರಿಯಾ ತಲೆಯೆತ್ತುವುದೂ ಮುಖ್ಯವಾಗಿ ಅಲ್ಲೇ. ಹಾಗಿರುವಾಗ ಹೊಣೆಯನ್ನು ರೋಗಿಯ ತಲೆಗೆ ಕಟ್ಟುವುದು ಅನ್ಯಾಯ. ‘ಕೋರ್ಸ್ ಮುಗಿಸಿ’ ಎಂಬ ಮಾತನ್ನೇ ತಜ್ಞರು ಈಗ ಮರುಪರಿಶೀಲಿಸುತ್ತಿದ್ದಾರೆ. ಅದಕ್ಕೆ ಗಟ್ಟಿ ಆಧಾರವಿಲ್ಲ, ಬೇಕಾದ್ದಕ್ಕಿಂತ ಹೆಚ್ಚು ದಿನ ಔಷಧ ತೆಗೆದುಕೊಳ್ಳುವುದೇ ಪ್ರತಿರೋಧಕ್ಕೆ ದಾರಿ ಎಂದು 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ತಜ್ಞರ ಗುಂಪೊಂದು ಬರೆಯಿತು. (ಕ್ಷಯರೋಗದ ವಿಷಯ ಬೇರೆ, ಅಲ್ಲಿ ಪೂರ್ತಿ ಕೋರ್ಸ್ ಮುಗಿಸಲೇಬೇಕು. ಉಳಿದ ಕಾಯಿಲೆಗಳಲ್ಲೂ ನಿಲ್ಲಿಸುವ ತೀರ್ಮಾನ ವೈದ್ಯರದ್ದು, ನಮ್ಮದಲ್ಲ.)

ಅಂಕಿಗಳನ್ನು ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2013ರಿಂದ ದೊಡ್ಡ ಆಸ್ಪತ್ರೆಗಳ ಜಾಲವೊಂದನ್ನು ಕಟ್ಟಿಕೊಂಡು ರೋಗಿಗಳಲ್ಲಿ ಸಿಕ್ಕ ಬ್ಯಾಕ್ಟೀರಿಯಾದ ಲೆಕ್ಕ ಇಡುತ್ತಿದೆ. ಅದರ 2023ರ ವರದಿಯಲ್ಲಿ ಕ್ಲೆಬ್ಸಿಯೆಲ್ಲಾದ ಸಾಲು ನೋಡಿದರೆ ಎದೆ ಝಲ್ಲೆನ್ನುತ್ತದೆ. 2017ರಲ್ಲಿ ನೂರರಲ್ಲಿ 58.5 ಕ್ಲೆಬ್ಸಿಯೆಲ್ಲಾ ಇಮಿಪೆನೆಮ್‌ಗೆ ಬಗ್ಗುತ್ತಿದ್ದವು, 2023ರಲ್ಲಿ 35.6 ಮಾತ್ರ. ಪಿಪೆರಾಸಿಲಿನ್-ಟ್ಯಾಜೋಬ್ಯಾಕ್ಟಮ್ ಎಂಬ ಜೋಡಿ ಔಷಧಕ್ಕೆ 42.6 ಇದ್ದದ್ದು 26.5ಕ್ಕೆ ಇಳಿದಿದೆ. ಅಸಿನೆಟೊಬ್ಯಾಕ್ಟರ್ ಎಂಬ, ವೆಂಟಿಲೇಟರ್ ಮೇಲಿರುವವರ ಶ್ವಾಸಕೋಶ ಹೊಕ್ಕುವ ಬ್ಯಾಕ್ಟೀರಿಯಾದಲ್ಲಂತೂ ನೂರಕ್ಕೆ 91 ಮೆರೊಪೆನೆಮ್‌ಗೆ ಜಗ್ಗುವುದಿಲ್ಲ. ಇಮಿಪೆನೆಮ್, ಮೆರೊಪೆನೆಮ್ ಎರಡೂ ಕಾರ್ಬಪೆನೆಮ್ ಗುಂಪಿನ ಔಷಧಗಳು. ಬೇರೆಲ್ಲ ಕೈಕೊಟ್ಟಾಗ ಬಳಸಲೆಂದು ಎತ್ತಿಟ್ಟುಕೊಂಡಿದ್ದವು.

ಈ ಅಂಕಿಗಳನ್ನು ಓದುವಾಗ ಒಂದು ಎಚ್ಚರಿಕೆ ಬೇಕು, ಪತ್ರಿಕೆಗಳ ತಲೆಬರಹಗಳಲ್ಲಿ ಇದು ಬಿಟ್ಟುಹೋಗುತ್ತದೆ. ವರದಿಗೆ ಲೆಕ್ಕ ಕೊಡುವುದು ದೊಡ್ಡ ಆಸ್ಪತ್ರೆಗಳು. ಅಲ್ಲಿಗೆ ಬರುವವರು ಮೊದಲೇ ಎರಡು ಮೂರು ಕಡೆ ತೋರಿಸಿ, ನಾಲ್ಕಾರು ಆ್ಯಂಟಿಬಯಾಟಿಕ್ ಹಾಯಿಸಿಕೊಂಡು, ವಾಸಿಯಾಗದೆ ಬಂದವರು. ಕಲ್ಚರಿಗೆ ಹೋಗುವುದೂ ಹೆಚ್ಚಾಗಿ ಅಂಥವರ ರಕ್ತ, ಕಫ, ಮೂತ್ರವೇ. ಆದ್ದರಿಂದ ‘ಭಾರತದಲ್ಲಿ ನೂರಕ್ಕೆ ಇಷ್ಟು ಬ್ಯಾಕ್ಟೀರಿಯಾ ಹೀಗೆ’ ಎಂದು ಇದನ್ನು ಓದಬಾರದು. ‘ದೊಡ್ಡಾಸ್ಪತ್ರೆಯ ಹಾಸಿಗೆಯಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಹೀಗೆ’ ಎಂದೇ ಓದಬೇಕು. ಹಾಗೆ ಓದಿದಾಗ ಭಯ ಕಡಿಮೆಯಾಗುವುದಿಲ್ಲ, ಅದರ ವಿಳಾಸ ಸರಿಯಾಗಿ ತಿಳಿಯುತ್ತದೆ. ಬಹುತೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ ಕಲ್ಚರ್ ಮಾಡುವ ವ್ಯವಸ್ಥೆಯೇ ಇಲ್ಲದ್ದರಿಂದ ಅಲ್ಲಿನ ಚಿತ್ರ ಈ ವರದಿಗಳಲ್ಲಿ ಮೂಡುವುದೇ ಇಲ್ಲ.

ಈಗ ವೈದ್ಯರ ಜಾಗದಲ್ಲಿ ನಿಂತು ನೋಡಿ. ರೋಗಿಗೆ ನಂಜು ರಕ್ತಕ್ಕೇರಿದೆ, ಬಿಪಿ ಕುಸಿಯುತ್ತಿದೆ. ಕಲ್ಚರ್ ರಿಪೋರ್ಟಿಗೆ ಎರಡು ಮೂರು ದಿನ ಬೇಕು. ರೋಗಿಗೆ ಅಷ್ಟು ಕಾಯುವ ಶಕ್ತಿಯಿಲ್ಲ. ಸೆಪ್ಟಿಕ್ ಶಾಕ್ ಎಂದು ಅನುಮಾನ ಬಂದರೆ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ಶುರುವಾಗಬೇಕು ಎನ್ನುತ್ತವೆ ಅಂತರರಾಷ್ಟ್ರೀಯ ಮಾರ್ಗಸೂಚಿಗಳು. ಹಾಗಾಗಿ ವೈದ್ಯರು ಅಂದಾಜಿನ ಮೇಲೆ, ಕೈಯಲ್ಲಿರುವ ಅತಿ ಬಲಶಾಲಿ ಔಷಧವನ್ನೇ ಹಾಕುತ್ತಾರೆ. ಇದು ತಪ್ಪಲ್ಲ. ತಪ್ಪಾಗುವುದು ಆಮೇಲೆ. ರಿಪೋರ್ಟ್ ಬಂದು ‘ಸಣ್ಣ ಔಷಧವೂ ಸಾಕು’ ಎಂದರೆ ದೊಡ್ಡದನ್ನು ನಿಲ್ಲಿಸಿ ಸಣ್ಣದಕ್ಕೆ ಇಳಿಯಬೇಕು. ಎಷ್ಟೋ ಕಡೆ ಆ ಇಳಿಯುವಿಕೆ ನಡೆಯುವುದೇ ಇಲ್ಲ. ರೋಗಿ ಚೇತರಿಸಿಕೊಳ್ಳುತ್ತಿರುವಾಗ ಔಷಧ ಬದಲಿಸಲು ಯಾರಿಗೂ ಧೈರ್ಯ ಬರುವುದಿಲ್ಲ. ಇನ್ನು ಕೆಲವು ಕಡೆ ಮೊದಲ ಡೋಸಿಗೆ ಮುಂಚೆ ರಕ್ತ ತೆಗೆದು ಕಲ್ಚರಿಗೆ ಕಳಿಸಿಯೇ ಇರುವುದಿಲ್ಲ. ಔಷಧ ಒಳಹೋದ ಮೇಲೆ ಕಳಿಸಿದರೆ ತಟ್ಟೆಯಲ್ಲಿ ಏನೂ ಬೆಳೆಯದೇ ಹೋಗಬಹುದು.

ಬಲಶಾಲಿ ಔಷಧದ ಹೊಡೆತ ರೋಗ ತಂದ ಬ್ಯಾಕ್ಟೀರಿಯಾಕ್ಕಷ್ಟೇ ಬೀಳುವುದಿಲ್ಲ. ಕರುಳಿನಲ್ಲಿ ತಮ್ಮ ಪಾಡಿಗೆ ತಾವು ನಮ್ಮೊಂದಿಗೆ ಬದುಕಿರುವ ಕೋಟ್ಯಂತರ ಸಾಧು ಬ್ಯಾಕ್ಟೀರಿಯಾಗಳೂ ಸಾಯುತ್ತವೆ. ಬೆಳೆ ಕಳೆ ಎನ್ನದೆ ಎಲ್ಲ ಸುಟ್ಟ ಹೊಲದಲ್ಲಿ ಮೊದಲು ತಲೆಯೆತ್ತುವುದು ನೆಲದೊಳಗೆ ಗಡ್ಡೆ ಉಳಿಸಿಕೊಂಡ ಜೇಕು ತಾನೆ? ಹಾಗೆಯೇ ಖಾಲಿಯಾದ ಕರುಳಿನಲ್ಲಿ ಪ್ರತಿರೋಧ ಪಡೆದ ಕ್ಲೆಬ್ಸಿಯೆಲ್ಲಾ ಹರಡಿಕೊಳ್ಳುತ್ತದೆ. ರೋಗಿಗೆ ಅದರಿಂದ ಆಗ ಏನೂ ತೊಂದರೆಯಾಗದಿರಬಹುದು. ಆದರೆ ಅವರು ಅದನ್ನು ಹೊತ್ತು ಮಲಗಿದ್ದಾರೆ, ಪಕ್ಕದ ಹಾಸಿಗೆ ಇರುವುದು ಮೂರಡಿ ದೂರದಲ್ಲಿ.

ಆ ಮೂರಡಿಯನ್ನು ಬ್ಯಾಕ್ಟೀರಿಯಾ ಹೆಚ್ಚಾಗಿ ದಾಟುವುದು ಕೈಗಳ ಮೂಲಕ. ಒಬ್ಬ ರೋಗಿಯ ಮೂತ್ರದ ಚೀಲ ಖಾಲಿ ಮಾಡಿದ ಕೈ, ಇನ್ನೊಬ್ಬರ ಡ್ರಿಪ್ ಸರಿಮಾಡುವ ಮುಂಚೆ ತೊಳೆಯಲಾಗಿಲ್ಲ, ಅಷ್ಟೇ. ಅತ್ತೆಯ ವಾರ್ಡಿನಲ್ಲಿ ರಾತ್ರಿ ಪಾಳಿಯ ಒಬ್ಬ ಸಿಸ್ಟರ್ ಇಪ್ಪತ್ತೆರಡು ಹಾಸಿಗೆ ನೋಡಿಕೊಳ್ಳುತ್ತಿದ್ದರು. ಪ್ರತಿ ಸಲ ರೋಗಿಯನ್ನು ಮುಟ್ಟುವ ಮುಂಚೆ, ಮುಟ್ಟಿದ ಮೇಲೆ ಕೈ ಉಜ್ಜಿಕೊಳ್ಳಲು ಅವರಿಗೆ ಎಷ್ಟು ಸಮಯ ಬೇಕು ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಇಡೀ ಪಾಳಿ ಅದಕ್ಕೇ ಸಾಲದು. ಅವರನ್ನು ದೂರುವ ಮನಸ್ಸು ನನಗಿಲ್ಲ. ಆ ಲೆಕ್ಕ ಹಾಕಬೇಕಾದವರು ಹಾಕಲಿಲ್ಲ ಎಂಬುದು ನನ್ನ ಸಂಕಟ. ಅಸಿನೆಟೊಬ್ಯಾಕ್ಟರ್ ಒಣಗಿದ ಮೇಲ್ಮೈ ಮೇಲೂ ವಾರಗಟ್ಟಲೆ ಬದುಕಬಲ್ಲದು. ಮಂಚದ ಸರಳು, ಮಾನಿಟರಿನ ಗುಂಡಿ, ಕಿಟಕಿ ಪರದೆ, ಎಲ್ಲವೂ ಅದಕ್ಕೆ ಮನೆ. ಕೈತೊಳೆಯುವ ಸಿಂಕಿನ ಕೊಳವೆಯೇ ಇವುಗಳ ಅಡಗುತಾಣವಾದ ಉದಾಹರಣೆಗಳು ಹಲವು ದೇಶಗಳ ಆಸ್ಪತ್ರೆಗಳಲ್ಲಿ ಸಿಕ್ಕಿವೆ.

ಆಮೇಲೆ ಕೊಳವೆಗಳು. ಮೂತ್ರದ ಕ್ಯಾಥೆಟರ್ ಒಳಗಿರುವ ಒಂದೊಂದು ದಿನಕ್ಕೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೀಡುಬಿಡುವ ಸಾಧ್ಯತೆ ನೂರಕ್ಕೆ 3ರಿಂದ 7ರಷ್ಟು ಇರುತ್ತದೆ. ಪ್ಲಾಸ್ಟಿಕ್ಕಿನ ಒಳಗೋಡೆಗೆ ಅವು ಪಾಚಿಯಂತೆ ಪದರ ಕಟ್ಟಿಕೊಳ್ಳುತ್ತವೆ, ಆ ಪದರದೊಳಕ್ಕೆ ಔಷಧ ಸರಿಯಾಗಿ ಇಳಿಯುವುದಿಲ್ಲ. ಅತ್ತೆಗೆ ಕ್ಯಾಥೆಟರ್ ಹಾಕಿದ್ದು ಆಪರೇಷನ್ ದಿನ. ನಾಲ್ಕು ಹೆಜ್ಜೆ ನಡೆದ ಮೂರನೇ ದಿನ ಅದನ್ನು ತೆಗೆಯಬಹುದಿತ್ತು. ಯಾರಿಗೂ ಹೊಳೆಯಲಿಲ್ಲ, ನಮಗೂ ಕೇಳಲು ತಿಳಿಯಲಿಲ್ಲ. ಅದು ಹೊರಬಂದದ್ದು ಹನ್ನೊಂದನೇ ದಿನ, ರಿಪೋರ್ಟ್ ಬಂದ ಮೇಲೆ. ಇನ್ನೊಂದು ಸಂಗತಿ: ಆಪರೇಷನ್ನಿಗೆ ಮುಂಚೆ ಕೊಡುವ ಆ್ಯಂಟಿಬಯಾಟಿಕ್ಕನ್ನು ಆಪರೇಷನ್ ಮುಗಿದ ಮೇಲೂ ಮುಂಜಾಗ್ರತೆಗೆಂದು ಮುಂದುವರಿಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ. ಅತ್ತೆಗೆ ಅದು ಏಳು ದಿನ ನಡೆದಿತ್ತು.

ಎಲ್ಲರಿಗಿಂತ ಹೆಚ್ಚು ಬೆಲೆ ತೆರುತ್ತಿರುವುದು ಹಸುಗೂಸುಗಳು. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳ ನವಜಾತ ಶಿಶು ಘಟಕಗಳಲ್ಲಿ ನಡೆದು 2016ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್‌ನಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಾಖಲಾದ ಮಕ್ಕಳಲ್ಲಿ ನೂರಕ್ಕೆ 14.3 ಮಕ್ಕಳಿಗೆ ನಂಜು ಏರಿತ್ತು. ಆ ಮಕ್ಕಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಸಿಕ್ಕಿದ್ದು ಅಸಿನೆಟೊಬ್ಯಾಕ್ಟರ್, ಅದರಲ್ಲಿ ನೂರಕ್ಕೆ 82 ಹಲವು ಔಷಧಗಳನ್ನು ಒಟ್ಟಿಗೆ ಮಣಿಸುವಂಥವು. ಹುಟ್ಟಿ ನಾಲ್ಕು ದಿನವಾಗದ ಕೂಸು ಯಾವ ಮೆಡಿಕಲ್ ಶಾಪಿಗೆ ಹೋಗಿತ್ತು, ಯಾವ ಕೋರ್ಸನ್ನು ಅರ್ಧಕ್ಕೆ ಬಿಟ್ಟಿತ್ತು?

ಬ್ಯಾಕ್ಟೀರಿಯಾ ಈ ವಿದ್ಯೆ ಕಲಿಯುವ ಬಗೆಯನ್ನೂ ಸ್ವಲ್ಪ ನೋಡಬೇಕು. ಕೆಲವು ಬ್ಯಾಕ್ಟೀರಿಯಾಗಳು ಔಷಧ ಒಳಬರುವ ರಂಧ್ರ ಮುಚ್ಚಿಕೊಳ್ಳುತ್ತವೆ, ಕೆಲವು ಬಂದದ್ದನ್ನು ಪಂಪ್ ಮಾಡಿ ಹೊರದೂಡುತ್ತವೆ, ಕೆಲವು ಔಷಧವನ್ನೇ ಕತ್ತರಿಸುವ ಕಿಣ್ವ ತಯಾರಿಸುತ್ತವೆ. ಅಂಥ ಕಿಣ್ವವೊಂದರ ಹೆಸರಿನಲ್ಲಿ ನಮ್ಮ ರಾಜಧಾನಿಯೇ ಇದೆ: ನ್ಯೂಡೆಲ್ಲಿ ಮೆಟಲೊ-ಬೀಟಾ-ಲ್ಯಾಕ್ಟಮೇಸ್, ಚುಟುಕಾಗಿ ಎನ್‌ಡಿಎಂ. ದೆಹಲಿಯಲ್ಲಿ ಆಸ್ಪತ್ರೆ ಸೇರಿದ್ದು ಸ್ವೀಡನ್ನಿಗೆ ಮರಳಿದ ಭಾರತೀಯ ಮೂಲದ ರೋಗಿಯೊಬ್ಬರ ಕ್ಲೆಬ್ಸಿಯೆಲ್ಲಾದಲ್ಲಿ 2008ರಲ್ಲಿ ಅದು ಮೊದಲು ಕಂಡಿತು. 2010ರಲ್ಲಿ ಲ್ಯಾನ್ಸೆಟ್ ಇನ್‌ಫೆಕ್ಷಿಯಸ್ ಡಿಸೀಸಸ್‌ನಲ್ಲಿ ಅದರ ಹರಡುವಿಕೆಯ ಬಗ್ಗೆ ಲೇಖನ ಬಂದಾಗ ಇಲ್ಲಿ ದೊಡ್ಡ ಗದ್ದಲವೆದ್ದಿತು. ದೇಶದ ಹೆಸರು ಕೆಡಿಸುವ, ಇಲ್ಲಿಗೆ ಚಿಕಿತ್ಸೆಗೆ ಬರುವ ವಿದೇಶಿಯರನ್ನು ಹೆದರಿಸುವ ಸಂಚು ಎಂದೆಲ್ಲ ಮಾತಾಯಿತು. ಊರಿನ ಹೆಸರಿಟ್ಟದ್ದು ತಪ್ಪಾಯಿತು ಎಂದು ಲ್ಯಾನ್ಸೆಟ್ ಸಂಪಾದಕ ರಿಚರ್ಡ್ ಹಾರ್ಟನ್ ಆಮೇಲೆ ಒಪ್ಪಿಕೊಂಡರು. ಹೆಸರಿನ ಬಗ್ಗೆ ಬಂದ ಆ ಸಿಟ್ಟು ನ್ಯಾಯವಾದದ್ದೇ. ಆದರೆ ಸಿಟ್ಟಿನಲ್ಲಿ ಕಾಲು ಭಾಗವನ್ನಾದರೂ ವಾರ್ಡುಗಳ ಕಡೆ ತಿರುಗಿಸಿದ್ದರೆ ಎಂದು ನನಗೆ ಅನ್ನಿಸುತ್ತಲೇ ಇರುತ್ತದೆ. 2011ರಲ್ಲಿ ದೆಹಲಿಯ 50 ನಲ್ಲಿ ನೀರಿನ ಸ್ಯಾಂಪಲುಗಳಲ್ಲಿ ಎರಡರಲ್ಲಿ, ರಸ್ತೆಬದಿ ನಿಂತ ಕೊಳಚೆ ನೀರಿನ 171 ಸ್ಯಾಂಪಲುಗಳಲ್ಲಿ 51ರಲ್ಲಿ ಆ ಕಿಣ್ವ ತಯಾರಿಸುವ ಜೀನ್ ಸಿಕ್ಕಿತು. ಆಸ್ಪತ್ರೆಯ ಬಾಗಿಲು ದಾಟಿ ಅದು ಚರಂಡಿಗೆ ಇಳಿದಾಗಿತ್ತು.

ಈ ಜೀನ್ ಕೂತಿರುವುದು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಬಳೆಯ ಮೇಲೆ. ಒಂದು ಬ್ಯಾಕ್ಟೀರಿಯಾ ಅದರ ನಕಲನ್ನು ಪಕ್ಕದ ಬ್ಯಾಕ್ಟೀರಿಯಾಕ್ಕೆ, ಬೇರೆ ಜಾತಿಯದಾದರೂ ಸರಿ, ದಾಟಿಸಬಲ್ಲದು. ಎಷ್ಟೋ ಸಲ ಒಂದೇ ಬಳೆಯ ಮೇಲೆ ನಾಲ್ಕೈದು ಬೇರೆ ಔಷಧಗಳ ಪ್ರತಿರೋಧವೂ ಇರುತ್ತದೆ. ಆಗ ಅದರಲ್ಲಿ ಯಾವ ಒಂದು ಔಷಧ ಬಳಸಿದರೂ ಉಳಿದೆಲ್ಲ ಪ್ರತಿರೋಧವೂ ಜೊತೆಗೇ ಉಳಿದುಕೊಳ್ಳುತ್ತದೆ. ಅಮೆರಿಕದ ನೆವಾಡಾದಲ್ಲಿ 2016ರ ಸೆಪ್ಟೆಂಬರಿನಲ್ಲಿ ಎಪ್ಪತ್ತು ದಾಟಿದ ಹೆಂಗಸೊಬ್ಬರು ತೀರಿಕೊಂಡರು. ಅವರ ದೇಹದಲ್ಲಿದ್ದ ಕ್ಲೆಬ್ಸಿಯೆಲ್ಲಾ ಆ ದೇಶದಲ್ಲಿ ಪರೀಕ್ಷೆಗೆ ಲಭ್ಯವಿದ್ದ 26 ಆ್ಯಂಟಿಬಯಾಟಿಕ್‌ಗಳಲ್ಲಿ ಒಂದಕ್ಕೂ ಬಗ್ಗಲಿಲ್ಲ. ಅವರು ಭಾರತದಲ್ಲಿದ್ದಾಗ ತೊಡೆಮೂಳೆ ಮುರಿದು, ಅದಕ್ಕೆ ನಂಜಾಗಿ, ಇಲ್ಲಿ ಹಲವು ಸಲ ಆಸ್ಪತ್ರೆ ಸೇರಿದ್ದರು. ಅತ್ತೆಯ ಮೂಳೆ ಮುರಿದ ಜಾಗವೂ ಹೆಚ್ಚುಕಡಿಮೆ ಅದೇ ಆದ್ದರಿಂದ ಆ ವರದಿ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಕಾರ್ಬಪೆನೆಮ್ ಸೋತ ಮೇಲೆ ಉಳಿಯುವ ಔಷಧಗಳಲ್ಲಿ ಒಂದು ಕಾಲಿಸ್ಟಿನ್. ಕಿಡ್ನಿಗೆ ಹಾನಿ ಮಾಡುತ್ತದೆಂದು ವೈದ್ಯರು ದಶಕಗಳ ಹಿಂದೆ ಪಕ್ಕಕ್ಕಿಟ್ಟಿದ್ದ ಹಳೆಯ ಔಷಧವದು, ಬೇರೆ ಗತಿಯಿಲ್ಲದೆ ಮತ್ತೆ ಕೈಗೆತ್ತಿಕೊಂಡರು. ಅದನ್ನು ಕೋಳಿ ಸಾಕಣೆಯಲ್ಲಿ ಬೆಳವಣಿಗೆಗೆಂದು ಮೇವಿಗೆ ಬೆರೆಸುತ್ತಿದ್ದರು. 2019ರ ಜುಲೈನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಆ ಬಳಕೆಯನ್ನು ನಿಷೇಧಿಸಿತು. ಅಷ್ಟರಮಟ್ಟಿಗೆ ಒಳ್ಳೆಯ ಕೆಲಸ.

ಹೊಸ ಔಷಧಗಳು ಬಂದಿಲ್ಲವೇ? ಬಂದಿವೆ. ಚೆನ್ನೈನ ಆರ್ಕಿಡ್ ಕಂಪನಿಯಲ್ಲಿ ಹುಟ್ಟಿದ ಎನ್ಮೆಟಜೊಬ್ಯಾಕ್ಟಮ್ ಇರುವ ಜೋಡಿ ಔಷಧಕ್ಕೆ 2024ರಲ್ಲಿ ಅಮೆರಿಕದ ಒಪ್ಪಿಗೆಯೂ ಸಿಕ್ಕಿತು. ಬೆಂಗಳೂರಿನ ಬಗ್‌ವರ್ಕ್ಸ್ ಎಂಬ ಸಣ್ಣ ಸಂಸ್ಥೆ ಹೊಸ ಬಗೆಯ ಅಣುಗಳ ಬೆನ್ನು ಹತ್ತಿ ಹಲವು ವರ್ಷಗಳಾದವು. ಅವರೆಲ್ಲರ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಒಂದು ತೊಡಕಿದೆ. ಅಮೆರಿಕದಲ್ಲಿ ಹೆಚ್ಚು ಕಾಡುವುದು ಕೆಪಿಸಿ ಎಂಬ ಕಿಣ್ವ, ನಮ್ಮಲ್ಲಿ ಎನ್‌ಡಿಎಂ ಮತ್ತು ಆಕ್ಸಾ-48 ಗುಂಪು. ಅಲ್ಲಿಗೆಂದು ತಯಾರಾದ ಸೆಫ್ಟಜಿಡಿಮ್-ಎವಿಬ್ಯಾಕ್ಟಮ್ ಎನ್‌ಡಿಎಂ ಎದುರು ಒಂಟಿಯಾಗಿ ಸೋಲುತ್ತದೆ. ಜೊತೆಗೆ ಎಜ್ಟ್ರಿಯೊನಾಮ್ ಸೇರಿಸಬೇಕು. ಹೀಗಾಗಿ ಲ್ಯಾಬು ಬರೀ ‘ಆರ್’ ಎಂದರೆ ಸಾಲದು, ಯಾವ ಕಿಣ್ವದಿಂದ ‘ಆರ್’ ಎಂದೂ ಹೇಳಬೇಕಾಗುತ್ತದೆ. ಎಷ್ಟು ಆಸ್ಪತ್ರೆಗಳ ಲ್ಯಾಬು ಅದನ್ನು ಹೇಳಬಲ್ಲದು?

ಇದರ ಇನ್ನೊಂದು ಮುಖ ಇನ್ನಷ್ಟು ನೋವಿನದು. ಆ್ಯಂಟಿಬಯಾಟಿಕ್ ಅತಿಯಾಯಿತು ಎಂದು ಹೇಳುವ ನಮ್ಮ ದೇಶದಲ್ಲೇ ನಿಜಕ್ಕೂ ಬೇಕಾದವರಿಗೆ ಬೇಕಾದ ಔಷಧ ಸಿಗುತ್ತಿಲ್ಲ. ಭಾರತವೂ ಸೇರಿ ಎಂಟು ದೇಶಗಳಲ್ಲಿ 2019ರಲ್ಲಿ ಕಾರ್ಬಪೆನೆಮ್‌ಗೆ ಬಗ್ಗದ ಸೋಂಕು ತಗಲಿದವರ ಲೆಕ್ಕ ಹಾಕಿದ ಅಧ್ಯಯನವೊಂದು 2025ರಲ್ಲಿ ಪ್ರಕಟವಾಯಿತು. ಸರಿಯಾದ ಔಷಧ ಸಿಕ್ಕಿದ್ದು ಒಟ್ಟಾರೆ ನೂರಕ್ಕೆ 6.9 ಜನರಿಗೆ, ಭಾರತದಲ್ಲಿ 7.8. ಜ್ವರ ಬಂದ ಕೂಸಿಗೆ ಬೇಡದ ಸಿರಪ್ಪು ಧಾರಾಳ. ಸಾವಿನಂಚಿನಲ್ಲಿರುವವರಿಗೆ ಬೇಕಾದ ಇಂಜೆಕ್ಷನ್ ಊರಿನಲ್ಲಿಲ್ಲ, ಇದ್ದರೆ ಕೊಳ್ಳಲು ಹಣವಿಲ್ಲ. 2014ರ ಮಾರ್ಚಿನಿಂದ ಜಾರಿಯಲ್ಲಿರುವ ಶೆಡ್ಯೂಲ್ ಎಚ್1 ನಿಯಮ ಕೆಲವು ಆ್ಯಂಟಿಬಯಾಟಿಕ್‌ಗಳ ಮಾರಾಟವನ್ನು ರಿಜಿಸ್ಟರಿನಲ್ಲಿ ಬರೆದಿಡಬೇಕು ಎನ್ನುತ್ತದೆ. ಒಳ್ಳೆಯದೇ, ಆದರೆ ಆ ಅಂಗಡಿ ರಿಜಿಸ್ಟರು ಐಸಿಯು ಹಾಸಿಗೆಯನ್ನು ತಲುಪುವುದಿಲ್ಲ.

ವಾರ್ಡಿನ ಒಳಗೆ ಏನು ಮಾಡಬಹುದು ಎಂಬುದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉತ್ತರ ಇಸ್ರೇಲಿನದು. 2006ರಿಂದ ಅಲ್ಲಿನ ಆಸ್ಪತ್ರೆಗಳಲ್ಲಿ ಕಾರ್ಬಪೆನೆಮ್‌ಗೆ ಬಗ್ಗದ ಕ್ಲೆಬ್ಸಿಯೆಲ್ಲಾ ಬೆಂಕಿಯಂತೆ ಹಬ್ಬಿತು. 2007ರ ಮಾರ್ಚಿನಲ್ಲಿ ಆರೋಗ್ಯ ಇಲಾಖೆ ಇಡೀ ದೇಶಕ್ಕೆ ಒಂದೇ ಆದೇಶ ಕೊಟ್ಟಿತು. ಬ್ಯಾಕ್ಟೀರಿಯಾ ಹೊತ್ತವರನ್ನು ಬೇರೆ ಇರಿಸಿ, ಅವರನ್ನು ನೋಡಿಕೊಳ್ಳುವ ನರ್ಸ್ ಬೇರೆ ರೋಗಿಗಳ ಬಳಿ ಹೋಗಬಾರದು, ಎಷ್ಟು ಜನ ಇದ್ದಾರೆಂದು ದಿನವೂ ವರದಿ ಕೊಡಿ. ಯಾರು ಪಾಲಿಸುತ್ತಿಲ್ಲ ಎಂದು ನೋಡಲು ಕೇಂದ್ರದಿಂದ ಒಂದು ತಂಡ, ಅದಕ್ಕೆ ಆಸ್ಪತ್ರೆ ಮುಖ್ಯಸ್ಥರನ್ನೇ ಕೇಳುವ ಅಧಿಕಾರ. ಲಕ್ಷ ರೋಗಿ-ದಿನಗಳಿಗೆ (ಒಬ್ಬ ರೋಗಿ ಆಸ್ಪತ್ರೆಯಲ್ಲಿ ಕಳೆದ ಒಂದು ದಿನ ಒಂದು ರೋಗಿ-ದಿನ) 55.5ರಷ್ಟಿದ್ದ ಹೊಸ ಪ್ರಕರಣಗಳು ಮುಂದಿನ ವರ್ಷ ಮೇ ತಿಂಗಳಿಗೆ 11.7ಕ್ಕೆ ಇಳಿದವು. ಹೊಸ ಔಷಧವೊಂದೂ ಬಂದಿರಲಿಲ್ಲ. ನಮ್ಮಲ್ಲಿ ಹಾಸಿಗೆ ಸಾಲದು, ಪ್ರತ್ಯೇಕ ಕೋಣೆ ಎಲ್ಲಿಂದ ತರುವುದು ಎಂಬ ಆಕ್ಷೇಪ ನಿಜ. ಆದರೆ ಲೆಕ್ಕ ಇಡುವುದಕ್ಕೆ, ಆ ಲೆಕ್ಕಕ್ಕೆ ಒಬ್ಬರನ್ನು ಹೊಣೆ ಮಾಡುವುದಕ್ಕೆ ಕೋಣೆ ಬೇಕಿಲ್ಲ. ನೆರೆಯ ಕೇರಳ 2018ರಲ್ಲೇ ತನ್ನದೇ ಕ್ರಿಯಾಯೋಜನೆ ಮಾಡಿಕೊಂಡು ರಾಜ್ಯದ ಆಸ್ಪತ್ರೆಗಳ ಪ್ರತಿರೋಧದ ಲೆಕ್ಕವನ್ನು ಪ್ರಕಟಿಸುತ್ತಾ ಬಂದಿದೆ. ಕರ್ನಾಟಕದ ಪ್ರತಿ ದೊಡ್ಡ ಆಸ್ಪತ್ರೆಯೂ, ಸರ್ಕಾರಿ ಇರಲಿ ಖಾಸಗಿ ಇರಲಿ, ತನ್ನಲ್ಲಿ ತಿಂಗಳಿಗೆ ಎಷ್ಟು ಜನಕ್ಕೆ ಕ್ಯಾಥೆಟರಿನ ನಂಜು, ವೆಂಟಿಲೇಟರಿನ ನ್ಯುಮೋನಿಯಾ ಹತ್ತಿತು ಎಂದು ಬಾಗಿಲಲ್ಲಿ ಬೋರ್ಡು ಹಾಕಬೇಕು ಎಂಬುದು ನನ್ನ ಬೇಡಿಕೆ. ಆಪರೇಷನ್ನಿನ ಪ್ಯಾಕೇಜ್ ದರ ಹಾಕಲು ಜಾಗವಿರುವ ಗೋಡೆಯಲ್ಲಿ ಇದಕ್ಕೂ ಜಾಗವಿದೆ.

ಅತ್ತೆ ಹುಷಾರಾದರು. ಕ್ಯಾಥೆಟರ್ ತೆಗೆದು, ಅಮಿಕಾಸಿನ್ ಕೊಟ್ಟು, ದಿನ ಬಿಟ್ಟು ದಿನ ಕಿಡ್ನಿ ಪರೀಕ್ಷೆ ಮಾಡುತ್ತಾ ಹದಿನೆಂಟನೇ ದಿನಕ್ಕೆ ಮನೆಗೆ ಕಳಿಸಿದರು. ಅವರ ಪಕ್ಕದ ಹಾಸಿಗೆಯಲ್ಲಿದ್ದ ಅಜ್ಜಿಗೂ ಅದೇ ವಾರ ಚಳಿಜ್ವರ ಬಂದಿತ್ತು. ಅವರನ್ನು ಐಸಿಯುಗೆ ಒಯ್ದರು, ಮುಂದೇನಾಯಿತೋ ನಮಗೆ ತಿಳಿಯಲಿಲ್ಲ.

ಮೊನ್ನೆ ನಮ್ಮ ಪಕ್ಕದ ಮನೆಯವರ ತಂದೆಯನ್ನು ಬೇರೊಂದು ಆಸ್ಪತ್ರೆಗೆ ಸೇರಿಸಿದಾಗ ನೋಡಲು ಹೋಗಿದ್ದೆ. ಮಂಚದ ಕೆಳಗೆ ಮೂತ್ರದ ಚೀಲ ಕಂಡಿತು. “ಸಿಸ್ಟರ್, ಇದನ್ನ ಹಾಕಿದ್ದು ಯಾವತ್ತು? ಯಾವತ್ತು ತೆಗೀತೀರಿ?” ಎಂದು ಕೇಳಿದೆ. ಆಕೆ ಬೇಸರಿಸಲಿಲ್ಲ. ಫೈಲ್ ತಿರುವಿ ನೋಡಿ, ಬಿಳಿ ಟೇಪಿನ ತುಂಡೊಂದನ್ನು ಹರಿದು, ಅದರ ಮೇಲೆ ಪೆನ್ನಿನಲ್ಲಿ ಹಾಕಿದ ತಾರೀಖು ಬರೆದು ಕೊಳವೆಗೆ ಸುತ್ತಿದರು. “ನಾಳೆ ರೌಂಡ್ಸಲ್ಲಿ ಡಾಕ್ಟರ್‌ಗೆ ನೆನಪು ಮಾಡ್ತೀನಿ” ಎಂದರು. ಮಾರನೆಯ ದಿನ ಮಧ್ಯಾಹ್ನ ಪಕ್ಕದ ಮನೆಯವರು ಫೋನ್ ಮಾಡಿ, ಕೊಳವೆ ತೆಗೆದರಂತೆ, ಅಪ್ಪ ಎದ್ದು ತಾವೇ ಬಚ್ಚಲಿಗೆ ಹೋಗಿ ಬಂದರಂತೆ ಎಂದು ಹೇಳಿದರು.